ಗಣಕದ ನೀರಗಂಟಿ

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಲಿನ ಕೊಳವೊಂದಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಕೊಳದ ಸುತ್ತ ಪುಟ್ಟ ಗುಡಿಗಳು ನಿಂತಿವೆ. ಅದನ್ನು ಎಲ್ಲ ದಿಕ್ಕುಗಳಿಂದಲೂ ಛಾಯಾಚಿತ್ರಗಳಲ್ಲಿ ಹಿಡಿದು, ಅವುಗಳನ್ನು ಗಣಕದಲ್ಲಿ ಹೊಂದಿಸಿ, ಮೂರು ಆಯಾಮಗಳ ಪ್ರತಿರೂಪವೊಂದನ್ನು ಕಟ್ಟಬೇಕೆಂದು ಆ ಊರಿನ ಕಾಲೇಜು ವಿದ್ಯಾರ್ಥಿಯೊಬ್ಬನು ಬಯಸಿದನೆಂದು ಭಾವಿಸೋಣ. ಬಿಡುವಿನ ವೇಳೆಯಲ್ಲಿ ಗಣಕದ ಆಟಗಳನ್ನು ಆಡುವ ಆಸೆಯೂ ಅವನಿಗುಂಟು. ಕೊಬ್ಬರಿ ಮಾರಿ ಕೂಡಿಟ್ಟ ಹಣದಿಂದ ೬೪ ಗಿಗಾಬೈಟ್ ಸ್ಮೃತಿಯುಳ್ಳ ಗಣಕವನ್ನು ಕೊಡಿಸಲು ಮನೆಯವರು ಒಪ್ಪಿದ್ದಾರೆ. ಅದರಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಅನ್ನು, ಹಾಕಿಸಬೇಕು? ಆಯ್ಕೆ ತಪ್ಪಿದರೆ ಯಂತ್ರವಿದ್ದೂ ಕೆಲಸ ನಡೆಯದು.

ಇಷ್ಟೊಂದು ಸ್ಮೃತಿ ಏಕೆ ಬೇಕೆಂಬುದನ್ನು ಮೊದಲು ಲೆಕ್ಕ ಹಾಕೋಣ. ೨೪ ಮೆಗಾಪಿಕ್ಸೆಲ್ಲಿನ ಒಂದು ಚಿತ್ರದಲ್ಲಿ ೨ ಕೋಟಿ ೪೦ ಲಕ್ಷ ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣಕ್ಕೆ ೩ ಬೈಟ್ ಎಂದರೆ, ಬಿಡಿಸಿಟ್ಟ ಒಂದು ಚಿತ್ರಕ್ಕೆ ೭ ಕೋಟಿ ೨೦ ಲಕ್ಷ ಬೈಟ್ ಜಾಗ ಬೇಕು. ಅಂತಹ ೨೦೦ ಚಿತ್ರಗಳನ್ನು ಒಮ್ಮೆಗೇ ತೆರೆದರೆ ೧೩ ಗಿಗಾಬೈಟಿಗೂ ಮಿಗಿಲಾಗುತ್ತದೆ. ಅವುಗಳಿಂದ ಆಕಾರವನ್ನು ಗಣಿಸುವಾಗ ಬೇಕಾಗುವ ಜಾಗ ಬೇರೆ.

ಸ್ಮೃತಿಯನ್ನು ಕೆರೆಗೆ ಹೋಲಿಸಬಹುದು. ಕೆರೆಯ ತೂಬನ್ನು ಎತ್ತಿ, ಯಾವ ಗದ್ದೆಗೆ ಎಷ್ಟು ನೀರೆಂದು ಹಂಚುವವನು ನೀರಗಂಟಿ. ಗಣಕದಲ್ಲಿ ಈ ಕೆಲಸವನ್ನು ಮಾಡುವುದು ಕಾರ್ಯಾಚರಣ ವ್ಯವಸ್ಥೆ. ಪ್ರತಿಯೊಂದು ತಂತ್ರಾಂಶಕ್ಕೂ ಅದು ಸ್ಮೃತಿಯ ಪಾಲನ್ನು ಕೊಡುತ್ತದೆ. ಒಂದರ ಪಾಲಿಗೆ ಇನ್ನೊಂದು ಕೈಹಾಕದಂತೆ ಕಾಯುತ್ತದೆ. ಸ್ಮೃತಿ ಸಾಲದೆ ಬಂದಾಗ, ಸದ್ಯ ಬಳಕೆಯಲ್ಲಿಲ್ಲದ ಭಾಗವನ್ನು ಡಿಸ್ಕಿಗೆ ಸಾಗಿಸುತ್ತದೆ. ಡಿಸ್ಕಿನ ವೇಗ ಸ್ಮೃತಿಯ ವೇಗಕ್ಕಿಂತ ಬಹಳ ಕಡಮೆಯಾದುದರಿಂದ ಆಗ ಯಂತ್ರವು ಕುಂಟತೊಡಗುತ್ತದೆ.

ಸ್ಮೃತಿಯ ಪ್ರತಿಯೊಂದು ಬೈಟಿಗೂ, ಬೀದಿಯ ಮನೆಗಳಿಗಿರುವಂತೆ, ಒಂದು ಸಂಖ್ಯೆಯುಂಟು. ೩೨ ಬಿಟ್ಟುಗಳಿಂದ ಬರೆಯಬಹುದಾದ ಸಂಖ್ಯೆಗಳು ೪,೨೯,೪೯,೬೭,೨೯೬ ಮಾತ್ರ; ಇದು ೪ ಗಿಗಾಬೈಟ್. ಅಂತಹ ತಂತ್ರಾಂಶವು ಒಮ್ಮೆಗೆ ಇದಕ್ಕಿಂತ ಹೆಚ್ಚು ಸ್ಮೃತಿಯನ್ನು ಮುಟ್ಟಲಾರದು. ಆದುದರಿಂದ ವ್ಯವಸ್ಥೆಯೂ ತಂತ್ರಾಂಶವೂ ೬೪ ಬಿಟ್ಟಿನವಾಗಿರಬೇಕು. ವಿಂಡೋಸ್ ೧೧ ಇರುವುದೇ ೬೪ ಬಿಟ್ಟಿನಲ್ಲಿ. ಅದರ ಹೋಮ್ ಆವೃತ್ತಿ ೧೨೮ ಗಿಗಾಬೈಟಿನವರೆಗೆ ಬಳಸಬಲ್ಲದು. ಲಿನಕ್ಸಿಗೂ ೬೪ ಗಿಗಾಬೈಟ್ ಹೊರೆಯೇನಲ್ಲ. ಹೀಗಿರಲು, ಸ್ಮೃತಿಯ ಗಾತ್ರವೊಂದೇ ಈ ಎರಡರ ನಡುವಣ ಆಯ್ಕೆಯನ್ನು ನಿರ್ಧರಿಸಲಾರದು. ಮಾಡಬೇಕಾದ ಕೆಲಸವೇ ಅದನ್ನು ನಿರ್ಧರಿಸಬೇಕು.

ಮೂರು ಆಯಾಮದ ರೂಪಗಳನ್ನು ತಿದ್ದುವ ಬ್ಲೆಂಡರ್, ಚಿತ್ರ ಬರೆಯುವ ಕ್ರಿಟಾ ಇವು ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಮೂರರಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಫೋಟೋಶಾಪನ್ನಾದರೋ ಲಿನಕ್ಸಿಗಾಗಿ ಹೊರತಂದಿಲ್ಲ. ಮ್ಯಾಕ್‌ಓಎಸ್ ಬೇಕೆಂದರೆ ಆಪಲ್ ಸಂಸ್ಥೆಯ ಯಂತ್ರವನ್ನೇ ಕೊಳ್ಳಬೇಕು. ಆ ಸಂಸ್ಥೆ ೨೦೨೦ರಿಂದ ತನ್ನದೇ ಚಿಪ್ಪಿನಿಂದ ತಯಾರಿಸುತ್ತಿರುವ ಯಂತ್ರಗಳಲ್ಲಿ ಸ್ಮೃತಿಯನ್ನು ಮುಂದೆ ಹೆಚ್ಚಿಸಿಕೊಳ್ಳಲು ಬಾರದು.

ಇನ್ನು ಆಟಗಳ ವಿಷಯ. ವಿಂಡೋಸಿಗಾಗಿ ಬರೆದ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ ಎಂಬ ಸಾಧನವನ್ನು ವಾಲ್ವ್ ಸಂಸ್ಥೆ ೨೦೧೮ರಲ್ಲಿ ಹೊರತಂದಿತು. ಅದರಿಂದ ಅಸಂಖ್ಯ ಆಟಗಳಿಗೆ ದಾರಿಯಾಯಿತು. ಆದರೆ ಹಲವರು ಕೂಡಿ ಆಡುವ ಕೆಲವು ಆಟಗಳಲ್ಲಿ ಮೋಸವನ್ನು ತಡೆಯುವ ಕಾವಲು ತಂತ್ರಾಂಶವಿರುತ್ತದೆ. ಅದು ವಿಂಡೋಸಿನ ಒಳಪದರದಲ್ಲಿ ನೆಲೆಸುವುದರಿಂದ ಪ್ರೋಟಾನಿಗೆ ಅಲ್ಲಿ ಪ್ರವೇಶವಿಲ್ಲ. ವ್ಯಾಲರಂಟ್ ಇದಕ್ಕೊಂದು ಉದಾಹರಣೆ.

ಲಿನಕ್ಸ್ ಪಂಡಿತರಿಗೆ ಮಾತ್ರ ಎಂಬ ಅಂಜಿಕೆ ಬೇಡ. ಕೇರಳದ ಸರ್ಕಾರಿ ಶಾಲೆಗಳು ಗಣಕಪಾಠಕ್ಕೆ ಅದನ್ನೇ ಆರಿಸಿಕೊಂಡಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ಆದುದರಿಂದ ನಮ್ಮ ವಿದ್ಯಾರ್ಥಿಯು ಅಂಗಡಿಗೆ ಹೋಗುವ ಮುನ್ನ ತನಗೆ ಬೇಕಾದ ತಂತ್ರಾಂಶಗಳನ್ನೂ ಆಟಗಳನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಅವುಗಳಲ್ಲಿ ಒಂದಾದರೂ ವಿಂಡೋಸನ್ನೇ ಬೇಡಿದರೆ, ಮತ್ತು ಅದನ್ನು ಬಿಡಲು ಅವನಿಗೆ ಮನಸ್ಸಿಲ್ಲದಿದ್ದರೆ, ವಿಂಡೋಸ್ ೧೧ ಇರಲಿ. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಪಟ್ಟಿಯಲ್ಲಿರುವುದೆಲ್ಲವೂ ಲಿನಕ್ಸಿನಲ್ಲಿ ನಡೆಯುವುದಾದರೆ ಪರವಾನಗಿಯ ಹಣವನ್ನು ಇನ್ನೊಂದು ಡಿಸ್ಕಿಗೆ ಉಳಿಸಬಹುದು. ಎರಡೂ ಬೇಕೆಂದರೆ ಎರಡು ಡಿಸ್ಕುಗಳಲ್ಲಿ ಬೇರೆಬೇರೆಯಾಗಿ ಇರಿಸಬಹುದು. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಧ್ವನಿ, ಪರದೆ, ಜಾಲಸಂಪರ್ಕಗಳು ಸರಿಯಾಗಿವೆಯೇ ಎಂದು ಮೊದಲೇ ಪರೀಕ್ಷಿಸಲೂ ಸಾಧ್ಯ.

ಯಾವುದನ್ನೇ ಆರಿಸಿದರೂ, ಕೊಳದ ಮೂಲ ಚಿತ್ರಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕಿನಲ್ಲಿ ಕಾಪಾಡಬೇಕು. ವ್ಯವಸ್ಥೆಯನ್ನು ನಾಳೆ ಬದಲಾಯಿಸಿಕೊಳ್ಳಬಹುದು. ಇಂದಿನ ಮಳೆಗಾಲದಲ್ಲಿ ತುಂಬಿನಿಂತ ಕೊಳದ ಚಿತ್ರವನ್ನು ಮತ್ತೊಮ್ಮೆ ತೆಗೆಯಲಾಗದು.