ಕಾಳಿಯ ಕಲ್ಲು

ಬೆಂಗಳೂರಿನಿಂದ ಕೋಲಾರವನ್ನು ದಾಟಿ ಪೂರ್ವಕ್ಕೆ ಸಾಗುವ ಹೆದ್ದಾರಿಯಲ್ಲಿ ಮುಳಬಾಗಿಲು ಸಿಗುತ್ತದೆ. ಮೂಡಲ ಬಾಗಿಲು ಎಂಬುದೇ ಕಾಲಕ್ರಮದಲ್ಲಿ ಮುಳಬಾಗಿಲು ಆಯಿತೆಂದು ಹೇಳುವುದುಂಟು. ಊರಿನ ಸುತ್ತ ಬೋಳು ಬಂಡೆಗಳ ಬೆಟ್ಟಗಳು. ಅವುಗಳ ಬುಡದಲ್ಲಿ ಕೆರೆ, ರಾಗಿಯ ಹೊಲ, ಹುಣಿಸೆಯ ಮರ. ಒಂದು ಕಾಲದಲ್ಲಿ ಈ ಗುಡ್ಡಗಳ ಸಂದಿಗಳಲ್ಲಿ ಕಾಡುಹಂದಿಗಳು ಹೇರಳವಾಗಿದ್ದವು. ಬೆಳೆದ ಪೈರನ್ನು ಉಳಿಸಿಕೊಳ್ಳಬೇಕಾದರೆ ಬೇಟೆ ಅನಿವಾರ್ಯವಾಗಿತ್ತು. ಬೇಟೆಗೆ ನಾಯಿ ಅನಿವಾರ್ಯವಾಗಿತ್ತು. ಈ ತಾಲ್ಲೂಕಿನ ಮೇಲಾಗಣಿಯಲ್ಲಿ ದೊರೆತ, ಹತ್ತನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ಒಂದು ಶಾಸನವು ಧಳಗ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಹಂದಿಗಳ ಬೇಟೆಯಲ್ಲಿ ಹೆಸರು ಪಡೆದ ನಾಯಿ ಅದು. ಅಂದು ಈ ನೆಲದಲ್ಲಿ ಉತ್ತು ಬಿತ್ತಿ ಬಾಳಿದ ಸಾವಿರಾರು ಜನರ ಹೆಸರುಗಳು ಅಳಿಸಿಹೋಗಿವೆ. ಒಂದು ನಾಯಿಯ ಹೆಸರು ಮಾತ್ರ ಸಾವಿರ ವರ್ಷ ದಾಟಿ ಉಳಿದುಬಂದಿದೆ.

ಹೀಗೆ ಕಲ್ಲು ನಿಲ್ಲಿಸುವುದು ಅಂದಿನವರಿಗೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋರಾಡಿ ಸತ್ತವನಿಗೆ, ಊರಿನ ಮೇಲೆ ಬಿದ್ದ ಶತ್ರುವನ್ನು ಎದುರಿಸಿ ಮಡಿದವನಿಗೆ, ಹುಲಿಯೊಡನೆ ಸೆಣಸಿ ಪ್ರಾಣ ತೆತ್ತವನಿಗೆ ವೀರಗಲ್ಲು ನಿಲ್ಲುತ್ತಿತ್ತು. ಇಂತಹ ಕಲ್ಲುಗಳಲ್ಲಿ ಬಹುಮಟ್ಟಿಗೆ ಮೂರು ಅಂಕಣಗಳಿರುತ್ತವೆ. ಕೆಳಗಡೆ ಯುದ್ಧದ ದೃಶ್ಯ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ಚಿತ್ರ, ಮೇಲುಗಡೆ ಅವನು ಶಿವಸನ್ನಿಧಿಯಲ್ಲಿರುವ ಚಿತ್ರ. ಅಂತಹ ಗೌರವದ ಸಾಲಿನಲ್ಲಿ ನಾಯಿಗೂ ಒಂದು ಎಡೆ ದೊರೆತುದನ್ನು ಗಮನಿಸಬೇಕು. ಸಾಕಿದ ಪ್ರಾಣಿಗಾಗಿ ಶೋಕಿಸುವುದು ಈಚಿನ ಪಟ್ಟಣವಾಸಿಗಳ ನಾಜೂಕು ಎಂದು ಭಾವಿಸುವವರಿಗೆ ಈ ಕಲ್ಲುಗಳು ಬೇರೊಂದು ಕಥೆಯನ್ನು ಹೇಳುತ್ತವೆ. ಆ ಕಥೆಯನ್ನು ಎಲ್ಲಕ್ಕಿಂತ ಪೂರ್ಣವಾಗಿ ಹೇಳುವುದು ಆತಕೂರಿನ ಶಾಸನ.

ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಶಾಸನದ ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50. ಆಗ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ಘೋರ ಯುದ್ಧ ನಡೆದಿತ್ತು. ಇಂದಿನ ತಮಿಳುನಾಡಿನಲ್ಲಿರುವ ತಕ್ಕೋಲವೆಂಬ ಸ್ಥಳದಲ್ಲಿ ಚೋಳ ರಾಜಾದಿತ್ಯನು ಆನೆಯ ಮೇಲಿದ್ದಂತೆಯೇ ಹತನಾದನು. ಅವನನ್ನು ಕೊಂದವನು ಕೃಷ್ಣನ ಭಾವನೂ ಸಾಮಂತನೂ ಆದ ಗಂಗರಾಜ ಬೂತುಗ. ಸಂತುಷ್ಟನಾದ ಚಕ್ರವರ್ತಿ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನೇ ಉಡುಗೊರೆಯಾಗಿ ಕೊಟ್ಟನು. ಬೂತುಗನ ಕಡೆಯಲ್ಲಿ ಮಣಲೆರನೆಂಬ ವೀರನಿದ್ದನು. ಅವನ ಪರಾಕ್ರಮವನ್ನು ಕಂಡು ಮೆಚ್ಚಿದ ಬೂತುಗನು, ಬೇಕಾದುದನ್ನು ಕೇಳಿಕೋ ಎಂದನು.

ನಾಡುಗಳೇ ಕೈಯಿಂದ ಕೈಗೆ ದಾಟುತ್ತಿದ್ದ ಸಮಯ ಅದು. ಮಣಲೆರನಿಗೆ ಆತಕೂರು ಮೊದಲಾದ ಹಳ್ಳಿಗಳೂ ಬಂದುವೆಂದು ಅದೇ ಕಲ್ಲಿನಿಂದ ತಿಳಿಯುತ್ತದೆ. ಆದರೆ ಒಡೆಯನು ಕೇಳೆಂದಾಗ ಅವನು ಬಾಯಿ ತೆರೆದು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೂತುಗನು ಅದನ್ನು ಕೊಟ್ಟನು.

ಮುಂದಿನ ಸಂಗತಿಯನ್ನು ಶಾಸನ ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ. ಕೆಳಲೆನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಎರಡೂ ಸತ್ತವು. ಮಣಲೆರನು ಆತಕೂರಿನಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಹಿರಿಯ ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಿದನು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಶಿಲ್ಪವಿದೆ. ಶಿಲ್ಪಿ ಹಂದಿಯನ್ನು ಅಲ್ಪವೆಂದು ತೋರಿಸಿಲ್ಲ. ಅದರ ದೇಹ ನಾಯಿಗಿಂತ ಭಾರವಾಗಿಯೇ ಕಾಣುತ್ತದೆ. ಶತ್ರುವನ್ನು ಕುಗ್ಗಿಸಿ ತನ್ನವರನ್ನು ಹಿಗ್ಗಿಸುವ ಚಾಳಿ ಈ ಕಲ್ಲಿಗೆ ಅಂಟಿಲ್ಲ.

ಈ ಶಾಸನದಲ್ಲಿ ಅಳುವಿನ ಸುಳಿವೇ ಇಲ್ಲ. ಮಣಲೆರನು ಕಣ್ಣೀರಿಟ್ಟನೆಂದಾಗಲಿ, ಊಟ ಬಿಟ್ಟನೆಂದಾಗಲಿ ಎಲ್ಲಿಯೂ ಹೇಳಿಲ್ಲ. ಆದರೂ ಶೋಕವು ಮಾಡುವ ಕೆಲಸಗಳೆಲ್ಲವೂ ಅಲ್ಲಿ ನಡೆದಿವೆ. ಸತ್ತ ಜೀವದ ಹೆಸರು ಬರೆಯಲ್ಪಟ್ಟಿದೆ. ಸತ್ತ ಸ್ಥಳ ಯಾವುದು, ಬೆಟ್ಟ ಊರಿನ ಯಾವ ದಿಕ್ಕಿಗಿದೆ ಎಂಬುದು ದಾಖಲಾಗಿದೆ. ಸಾವು ಹೇಗೆ ಬಂದಿತೆಂಬುದನ್ನು ಮುಚ್ಚಿಡದೆ ಹೇಳಲಾಗಿದೆ. ನೆನಪು ಒಂದು ದಿನದ್ದಾಗದಂತೆ ಅದನ್ನು ದಿನನಿತ್ಯದ ಊಟದೊಡನೆ ಕಟ್ಟಿಹಾಕಲಾಗಿದೆ. ತಾನು ಬೇಡಿ ಪಡೆದ ನಾಯಿ, ತನ್ನ ಬೇಟೆಯಲ್ಲಿಯೇ ಸತ್ತಿತು. ಆ ಭಾರವನ್ನು ಮಣಲೆರನು ಹೇಗೆ ಹೊತ್ತನೆಂಬುದನ್ನು ಗೊರವನಿಗೆ ವಿಧಿಸಿದ ಆ ಒಂದು ನಿಯಮದಿಂದ ಊಹಿಸಬಹುದು.

ಈಗ ಇಂದಿನ ಒಂದು ಸಾಮಾನ್ಯ ಮನೆಯನ್ನು ಕಣ್ಣಮುಂದೆ ತಂದುಕೊಂಡರೆ ಈ ಹಳೆಯ ಕಲ್ಲು ಇನ್ನೂ ಸ್ಪಷ್ಟವಾಗುತ್ತದೆ. ಮುಳಬಾಗಿಲಿನ ಸುತ್ತಿನ ಹಳ್ಳಿಗಳಲ್ಲಿ ನಾಯಿಯನ್ನು ವಿಶೇಷವಾಗಿ ಸಾಕುವುದಿಲ್ಲ. ಅದು ಮನೆಯವರ ಜೊತೆಯಲ್ಲಿ ತಾನಾಗಿ ಬೆಳೆಯುತ್ತದೆ. ಉಳಿದ ರಾಗಿಮುದ್ದೆಯನ್ನು ಸಾರಿನಲ್ಲಿ ಕಲಸಿ ಹಿತ್ತಿಲಿನ ತಟ್ಟೆಗೆ ಹಾಕುವ ಕೆಲಸ ಸಾಮಾನ್ಯವಾಗಿ ಮನೆಯ ಕಿರಿಯ ಮಗುವಿನದು. ನಾಯಿಯ ಆಯುಸ್ಸು ಸುಮಾರು ಹತ್ತರಿಂದ ಹದಿಮೂರು ವರ್ಷ. ಮಗು ಅಂಬೆಗಾಲಿಡುವಾಗ ಮನೆಗೆ ಬಂದ ಮರಿ, ಆ ಮಗು ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಮುದಿಯಾಗಿರುತ್ತದೆ. ಮನುಷ್ಯನ ಬಾಲ್ಯ ಮತ್ತು ನಾಯಿಯ ಇಡೀ ಜೀವಮಾನ ಸರಿಸುಮಾರು ಒಂದೇ ಅಳತೆಯವು. ಆದಕಾರಣ ಹಲವು ಮಕ್ಕಳು ಸಾವನ್ನು ಮೊದಲು ಕಾಣುವುದು ತಾವು ಅನ್ನ ಹಾಕಿದ ನಾಯಿಯಲ್ಲಿ.

ಸಾವಿನ ಮರುದಿನ ದುಃಖಕ್ಕಿಂತ ಮೊದಲು ಎದುರಾಗುವುದು ಅಭ್ಯಾಸ. ಊಟವಾದ ಮೇಲೆ ಕೈ ತಾನಾಗಿ ಮುದ್ದೆಯ ತುಣುಕೊಂದನ್ನು ಎತ್ತಿಡುತ್ತದೆ. ಶಾಲೆಯಿಂದ ಬಂದು ಗೇಟು ತೆರೆದಾಗ ಕಿವಿ ಒಂದು ಸದ್ದಿಗಾಗಿ ಕಾಯುತ್ತದೆ. ಮನೆಯ ದಿನಚರಿಯ ಹತ್ತಾರು ಎಡೆಗಳಲ್ಲಿ ಆ ಪ್ರಾಣಿ ಹೆಣೆದುಕೊಂಡಿರುವುದರಿಂದ, ಅದು ಇಲ್ಲವೆಂಬುದು ಒಂದೇ ಸಲ ತಿಳಿಯುವುದಿಲ್ಲ. ದಿನಕ್ಕೆ ಹತ್ತು ಸಲ ಹೊಸದಾಗಿ ತಿಳಿಯುತ್ತದೆ. ನಾಯಿಯ ಪ್ರೀತಿಯಲ್ಲಿ ಇನ್ನೊಂದು ವಿಶೇಷವುಂಟು. ಪರೀಕ್ಷೆಯಲ್ಲಿ ಬಂದ ಅಂಕವನ್ನು ಅದು ಕೇಳುವುದಿಲ್ಲ, ಅಂಗಿಯ ತೇಪೆಯನ್ನು ನೋಡುವುದಿಲ್ಲ. ಬೈಸಿಕೊಂಡ ಮಗು ಹಿತ್ತಿಲಿಗೆ ಬಂದು ಕುಳಿತಾಗ ಪಕ್ಕದಲ್ಲಿ ಬಂದು ಕೂರುವುದಷ್ಟೇ ಅದಕ್ಕೆ ಗೊತ್ತು. ಅಂತಹ ಒಡನಾಟವನ್ನು ಕಳೆದುಕೊಂಡವರ ಅಳಲು ಸಣ್ಣದಾಗಿರಲು ಕಾರಣವಿಲ್ಲ.

ಆದರೆ ಈ ಅಳಲಿಗೆ ಸುತ್ತಲಿನವರಿಂದ ಮನ್ನಣೆ ದೊರೆಯುವುದು ಕಷ್ಟ. ಮನುಷ್ಯರು ಸತ್ತರೆ ಬಂಧುಗಳು ಬರುತ್ತಾರೆ, ನೆರೆಯವರು ಅಡಿಗೆ ಮಾಡಿ ತಂದುಕೊಡುತ್ತಾರೆ, ಹನ್ನೊಂದನೆಯ ದಿನವೆಂದೂ ತಿಥಿಯೆಂದೂ ದುಃಖಕ್ಕೆ ಮೆಟ್ಟಿಲುಗಳಿವೆ. ನಾಯಿ ಸತ್ತರೆ, “ಹೋಗಲಿ ಬಿಡಪ್ಪ, ನಾಯಿ ತಾನೆ? ಇನ್ನೊಂದು ಮರಿ ತಂದರಾಯಿತು” ಎನ್ನುತ್ತಾರೆ. ಹೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಸಮಾಧಾನ ಮಾಡುವ ಉದ್ದೇಶವೇ ಇರುತ್ತದೆ. ಕೇಳಿದವನು ಮಾತ್ರ ಅಳುವುದಕ್ಕೂ ನಾಚಿಕೊಳ್ಳುವಂತಾಗುತ್ತದೆ. ಹೀಗೆ ಸಮಾಜದ ಮನ್ನಣೆ ದೊರೆಯದ ದುಃಖವನ್ನು ಕುರಿತು ಅಮೆರಿಕದ ವಿದ್ವಾಂಸ ಕೆನ್ನೆತ್ ಡೋಕಾ 1980ರ ದಶಕದಲ್ಲಿ ವಿಶೇಷವಾಗಿ ವಿವೇಚಿಸಿದನು. ಅಂತಹ ದುಃಖದಲ್ಲಿ ನೋವು ಎರಡು ಪಟ್ಟು: ಕಳೆದುಕೊಂಡ ನೋವು ಒಂದು, ಅದನ್ನು ಬಚ್ಚಿಡಬೇಕಾದ ನೋವು ಮತ್ತೊಂದು. ಮಣಲೆರನಿಗೆ ಈ ಎರಡನೆಯ ನೋವು ಇರಲಿಲ್ಲ. ಅವನು ತನ್ನ ನಾಯಿಯ ಹೆಸರನ್ನು ಊರ ದೇವಾಲಯದ ಎದುರಿನಲ್ಲಿಯೇ ಬರೆಸಿದನು.

ದೊಡ್ಡವರು ಸದುದ್ದೇಶದಿಂದ ಮಾಡುವ ಇನ್ನೊಂದು ತಪ್ಪುಂಟು. ನಾಯಿ ಎಲ್ಲಿಗೋ ಓಡಿಹೋಯಿತು, ಯಾರೋ ತೋಟಕ್ಕೆ ಕರೆದುಕೊಂಡು ಹೋದರು ಎಂದು ಮಗುವಿಗೆ ಸುಳ್ಳು ಹೇಳುತ್ತಾರೆ. ಮಗು ಸಂಜೆಯವರೆಗೂ ರಸ್ತೆಯನ್ನು ನೋಡುತ್ತ ಕಾಯುತ್ತದೆ. ಕೊನೆಗೊಂದು ದಿನ ನಿಜ ತಿಳಿದಾಗ ನಾಯಿಯೊಡನೆ ದೊಡ್ಡವರ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಸತ್ತಿತು ಎಂಬ ಮಾತು ಕಠಿನವಾದರೂ ಅದನ್ನು ಮೆಲ್ಲಗೆ ಹೇಳಿ, ಮಗು ಇಚ್ಛಿಸಿದರೆ ಮಣ್ಣು ಮಾಡುವಾಗ ಜೊತೆಯಲ್ಲಿ ನಿಲ್ಲಲು ಬಿಡುವುದು ಲೇಸು.

ತಪ್ಪಿತಸ್ಥಭಾವವೂ ಈ ಶೋಕದೊಡನೆ ಬರುತ್ತದೆ. ಗೇಟು ಹಾಕಲು ಮರೆತದ್ದರಿಂದ ನಾಯಿ ಹೆದ್ದಾರಿಗೆ ಹೋಗಿ ವಾಹನಕ್ಕೆ ಸಿಕ್ಕಿತೇ? ಪಶುವೈದ್ಯರ ಬಳಿಗೆ ಎರಡು ದಿನ ಮೊದಲೇ ಒಯ್ದಿದ್ದರೆ ಬದುಕುತ್ತಿತ್ತೇ? ಪ್ರಾಣಿಯು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ರೋಗವನ್ನು ಅದು ಬಹಳ ದಿನ ಮರೆಮಾಡುವುದೂ ಉಂಟು. ಆದುದರಿಂದ ಸಾಕಿದವರಿಗೆ ತಿಳಿಯುವುದು ಹಲವು ವೇಳೆ ತಡವಾಗಿಯೇ. ಗುಣವಾಗದ ರೋಗದಿಂದ ನರಳುವ ಪ್ರಾಣಿಗೆ ವೈದ್ಯರು ಚುಚ್ಚುಮದ್ದಿನಿಂದ ನೋವಿಲ್ಲದ ಸಾವನ್ನು ಕೊಡಬೇಕಾಗಿ ಬಂದಾಗ, ಒಪ್ಪಿಗೆ ಕೊಟ್ಟವರ ಮನಸ್ಸು ಅನೇಕ ದಿನ ತೊಳಲುತ್ತದೆ. ಕೈಯಲ್ಲಿ ಒಂದು ಜೀವದ ಹೊಣೆ ಇದ್ದವರಿಗೆ ಮಾತ್ರ ಈ ತೊಳಲಾಟ ಬರುತ್ತದೆ. ಹೊಣೆಯಿಲ್ಲದವರಿಗೆ ಇದರ ಕಾಟವಿಲ್ಲ.

ರೈತರ ಮನೆಯಲ್ಲಿ ಈ ಸಂಗತಿ ಬೇರೊಂದು ರೂಪ ತಾಳುತ್ತದೆ. ಕೋಲಾರ ಜಿಲ್ಲೆ ಹೈನುಗಾರಿಕೆಗೆ ಹೆಸರಾದುದು. ಕರೆಯುವ ಹಸು ಸತ್ತರೆ ಅಂದಿನ ಸಂಜೆಯಿಂದಲೇ ಡೇರಿಗೆ ಹಾಕುವ ಹಾಲು ನಿಲ್ಲುತ್ತದೆ, ಸಾಲದ ಕಂತು ಉಳಿಯುತ್ತದೆ. ವಿಮೆ ಮಾಡಿಸಿದ್ದರೆ ಹಣ ಬರಬಹುದು. ಆದರೆ ಪರಿಹಾರದ ಕಾಗದದಲ್ಲಿ ಹಸುವಿನ ಕಿವಿಯ ಓಲೆಯ ಸಂಖ್ಯೆ ಇರುತ್ತದೆಯೇ ಹೊರತು, ಮನೆಯಾಕೆ ಅದನ್ನು ಕರೆಯುತ್ತಿದ್ದ ಹೆಸರಿರುವುದಿಲ್ಲ. ನಷ್ಟವೂ ಶೋಕವೂ ಅಲ್ಲಿ ಒಂದೇ ಹಗ್ಗದ ಎರಡು ಎಳೆಗಳಂತೆ ಹೊಸೆದುಕೊಂಡಿರುವುದರಿಂದ, ನೋಡುವವರು ಅದನ್ನು ಹಣದ ಚಿಂತೆಯೆಂದಷ್ಟೇ ತಿಳಿಯುತ್ತಾರೆ. ಹತ್ತು ವರ್ಷ ಉತ್ತ ಎತ್ತು ಸತ್ತ ದಿನ ಮನೆಯಲ್ಲಿ ಒಲೆ ಹಚ್ಚಲು ಮನಸ್ಸಾಗದಿರುವುದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಲಾದೀತು?

ಇದು ಒಂದು ನಾಡಿನ, ಒಂದು ಕಾಲದ ಭಾವನೆಯಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಈಜಿಪ್ಟಿನವರನ್ನು ಕುರಿತು ಬರೆಯುತ್ತ, ಮನೆಯಲ್ಲಿ ಬೆಕ್ಕು ಸತ್ತರೆ ಮನೆಮಂದಿ ಹುಬ್ಬುಗಳನ್ನು ಬೋಳಿಸಿಕೊಳ್ಳುವರೆಂದೂ, ನಾಯಿ ಸತ್ತರೆ ತಲೆಯೊಡನೆ ಮೈಯೆಲ್ಲವನ್ನೂ ಬೋಳಿಸಿಕೊಳ್ಳುವರೆಂದೂ ಹೇಳಿದ್ದಾನೆ. ಮುಳಬಾಗಿಲಿನ ಗಡಿಗೆ ಅಷ್ಟೇನೂ ದೂರವಲ್ಲದ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಏಳನೆಯ ಶತಮಾನದ ವೀರಗಲ್ಲೊಂದಿದೆ. ಅದರಲ್ಲಿ ಮಡಿದ ವೀರನ ಪಕ್ಕದಲ್ಲಿಯೇ, ಕಳ್ಳರನ್ನು ಕಚ್ಚಿ ಹಿಡಿದ ಅವನ ನಾಯಿ ಕೋವಿವನ್ ನಿಂತಿದೆ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನು, ಹಿಂಬಾಲಿಸಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲು ಒಪ್ಪದ ಪ್ರಸಂಗ ಎಲ್ಲರಿಗೂ ತಿಳಿದುದೇ.

ಮಣಲೆರನಂತೆ ಭೂಮಿ ಬಿಡಲು ಇಂದಿನ ಮನೆಗಳಿಗೆ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಬಾವಿ ಕೆರೆಗಳಿಂದ ದೂರವಾಗಿ, ಬೇರೆ ನಾಯಿಗಳು ಕೆದಕದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮಣ್ಣು ಮುಚ್ಚುತ್ತಾರೆ. ಹುಚ್ಚುರೋಗದ ಶಂಕೆಯಿದ್ದರೆ ಮಾತ್ರ ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಗುಂಡಿಯ ಮೇಲೆ ಕೆಲವರು ಹೊಂಗೆಯ ಸಸಿ ನೆಡುತ್ತಾರೆ. ಕೆಲವರು ಕೊರಳ ಪಟ್ಟಿಯನ್ನು ಗೂಟಕ್ಕೆ ತಗುಲಿಹಾಕಿ ಹಾಗೆಯೇ ಬಿಡುತ್ತಾರೆ. ಹೊಸ ಮರಿಯನ್ನು ತರಲು ಅವಸರಪಡದಿದ್ದರೆ ಒಳ್ಳೆಯದು. ಹಳೆಯದರ ತಟ್ಟೆಯಲ್ಲಿ ಹೊಸದಕ್ಕೆ ಅನ್ನ ಹಾಕಲು ಕೈ ಹಿಂಜರಿಯದ ದಿನ ತಾನಾಗಿಯೇ ಬರುತ್ತದೆ. ಅದು ಒಂದು ತಿಂಗಳಿಗೂ ಬರಬಹುದು, ಒಂದು ವರ್ಷಕ್ಕೂ ಬರಬಹುದು.

ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಆತಕೂರಿನ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ. ಅದನ್ನು ಪೂಜಿಸುವ ಗೊರವ ಈಗ ಇಲ್ಲ, ಅವನಿಗೆ ಬಿಟ್ಟ ಭೂಮಿಯ ಗುರುತೂ ಇಲ್ಲ. ತಕ್ಕೋಲದ ಯುದ್ಧವನ್ನು ಅರಿಯಬಯಸುವ ಇತಿಹಾಸಜ್ಞರು ಆ ಕಲ್ಲನ್ನು ಮತ್ತೆ ಮತ್ತೆ ಓದುತ್ತಾರೆ. ಚಕ್ರವರ್ತಿ ಕೃಷ್ಣ, ಚೋಳ ರಾಜಾದಿತ್ಯ, ಗಂಗ ಬೂತುಗ ಇವರ ಹೆಸರುಗಳನ್ನು ಹುಡುಕಿಕೊಂಡು ಬಂದವರು, ಒಂದು ನಾಯಿಗಾಗಿ ನಿಂತ ಕಲ್ಲಿನ ಮುಂದೆ ತಲೆ ಬಾಗಿಸಿ, ಅದರ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತ ನಿಲ್ಲುತ್ತಾರೆ.