ಮುಶಿಗೇರಿಯ ‘ಶಿ’ ಎಲ್ಲಿ ಹೋಯಿತು?

ಗದಗ ಜಿಲ್ಲೆಯ ಮುಶಿಗೇರಿಯ ಹೆಸರನ್ನು ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ‘ಶಿ’ ಇರಬೇಕಾದಲ್ಲಿ ವರ್ಗದ ಗುರುತಿನಂತೆ ಮೇಲೆ ಕೂತ ಪುಟ್ಟ ಎರಡು. ‘ಗೇ’ ಜಾಗದಲ್ಲಿ ಇಂಗ್ಲಿಷಿನ ಯು, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀಟು ಹೊತ್ತ ಇ ಮತ್ತು ಎ. ‘ರಿ’ ಹೋಗಿ ಜೆ. ‘ಕನ್ನಡ’ ಎಂದು ಬರೆದಿದ್ದರಂತೂ ನಟ್ಟನಡುವೆ ಬ್ರಿಟಿಷ್ ಪೌಂಡು!

ಕಡತ ಕೆಟ್ಟಿದೆ ಎಂದು ಎಷ್ಟೋ ಜನ ಕೈಚೆಲ್ಲುತ್ತಾರೆ. ಕೆಟ್ಟಿಲ್ಲ. ಅದರೊಳಗೆ ಮೊದಲಿಂದಲೂ ಇದ್ದದ್ದು ಇಂಗ್ಲಿಷ್ ಸಂಕೇತಗಳೇ. ಅವಕ್ಕೆ ಫಾಂಟು ಕನ್ನಡದ ಅಂಗಿ ತೊಡಿಸಿತ್ತು. ಆ ಕಾಲದ ಫಾಂಟಿನಲ್ಲಿದ್ದದ್ದು 256 ಮನೆ ಮಾತ್ರ. ನಮ್ಮ ಕಾಗುಣಿತ, ಒತ್ತಕ್ಷರವೆಲ್ಲ ಅಷ್ಟರಲ್ಲಿ ಹಿಡಿಯವು. ಹಾಗಾಗಿ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡರಿಸಿ ಆ ಮನೆಗಳಲ್ಲಿ ಕೂರಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕನ್ನಡವನ್ನು ಕಚೇರಿ ಕಚೇರಿಗೆ ಮುಟ್ಟಿಸಿದ ಈ ಕೆಲಸ ಸಣ್ಣದಲ್ಲ.

ಯುನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಕಾದಿರಿಸಿತ್ತು. ಆದರೆ ವಿಂಡೋಸ್‌ನಲ್ಲಿ ‘ತುಂಗಾ’ ಫಾಂಟು ಕಂಡದ್ದು 2001ರ ಎಕ್ಸ್‌ಪಿಯೊಂದಿಗೆ. ಮುದ್ರಣಾಲಯಗಳ ಅಚ್ಚುಮೆಚ್ಚಿನ ಪೇಜ್‌ಮೇಕರ್ ಕೊನೆಯವರೆಗೂ ಯುನಿಕೋಡ್ ಕನ್ನಡ ಕಲಿಯಲಿಲ್ಲ. ಡಿಟಿಪಿ ಮಾಡುವವರು ನುಡಿಯನ್ನು ಬಿಡಲಾಗದ್ದು ಅದಕ್ಕೇ.

ಪರಿವರ್ತಕ ತಂತ್ರಾಂಶಗಳು ಬಂದವು, ತೊಡಕು ಪೂರ್ತಿ ಬಿಡಲಿಲ್ಲ. ನುಡಿಯಲ್ಲಿ ‘ಧರ್ಮ’ ಅಂದರೆ ಧ, ಮ, ಕೊನೆಗೆ ಅರ್ಕಾವತ್ತು: ಕಣ್ಣಿಗೆ ಕಾಣುವ ಸಾಲು. ಯುನಿಕೋಡಿನಲ್ಲಿ ಉಚ್ಚಾರದ ಸಾಲು, ‘ರ್’ ಮೊದಲು, ‘ಮ’ ಆಮೇಲೆ. ಅರ್ಕಾವತ್ತನ್ನು ಎತ್ತಿ ಒತ್ತು, ಕಾಗುಣಿತಗಳನ್ನೆಲ್ಲ ದಾಟಿಸಿ ಹಿಂದಕ್ಕೆ ಕೂರಿಸಬೇಕು. ಇನ್ನು ಪಠ್ಯದ ನಡುವೆ ಇಂಗ್ಲಿಷ್ ಫಾಂಟಿನಲ್ಲಿರುವ ತುಣುಕುಗಳು. ಫಾಂಟಿನ ಹೆಸರು ನೋಡದೆ ಎಲ್ಲವನ್ನೂ ಬದಲಿಸಿದರೆ ಚದರ ಮೀಟರಿನ ವರ್ಗಚಿಹ್ನೆಯೂ ‘ಶಿ’ ಆಗಿಬಿಡುತ್ತದೆ. ಇಂಗ್ಲಿಷ್ ಭಾಗಗಳನ್ನು ಮೊದಲು ಬೇರೆ ಮಾಡಿಟ್ಟುಕೊಳ್ಳುವುದೇ ಒಳ್ಳೆಯದು.

ನನಗೆ ಹೆಚ್ಚು ಆತಂಕ ಊರ ಹೆಸರುಗಳದ್ದು. ನುಡಿಯಲ್ಲಿ ‘ಮ’ ಎಂದರೆ ‘ವ’ಗೆ ಒಂದು ಕೊಂಬು, ‘ಮು’ಗೆ ಅದೇ ಕೊಂಬು ಎರಡು ಸಲ. ಎರಡನೆಯದು ಬೆರಳಿನಿಂದಲೋ, ‘ಎಲ್ಲವನ್ನೂ ಬದಲಿಸು’ ಗುಂಡಿಯಿಂದಲೋ ಜಾರಿದರೆ ಮುಶಿಗೇರಿ ‘ಮಶಿಗೇರಿ’ಯಾಗುತ್ತದೆ. ಮಶಿಯೂ ಕನ್ನಡದ ಪದವೇ, ಓದುವವರಿಗೆ ಅನುಮಾನ ಬಾರದು. ಆ ತಪ್ಪು ಹಿಡಿಯಲು ಊರು ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಮೂಲ ಪ್ರತಿಯೊಂದಿಗೆ ಸಾಲು ಸಾಲಾಗಿ ಓದಬೇಕು.