ಬ್ಯಾಟರಿ ಗಾಡಿಯ ಹುಡುಗಿಯರು, ಹರಿಗೋಲಿನ ಹುಡುಗರು

ಬೆಳಗಿನ ಎಂಟಕ್ಕೆ ವಿಠ್ಠಲ ದೇವಸ್ಥಾನದ ದಾರಿಯಲ್ಲಿ ಇನ್ನೂ ಗದ್ದಲ ಎದ್ದಿರುವುದಿಲ್ಲ. ಗೆಜ್ಜಲ ಮಂಟಪಕ್ಕಿಂತ ಈಚೆ, ಕಾರು-ಬಸ್ಸುಗಳನ್ನು ತಡೆದು ನಿಲ್ಲಿಸುವ ಬಯಲಿನಲ್ಲಿ ಎಳನೀರಿನವನು ಗೊನೆ ಬಿಚ್ಚುತ್ತಿರುತ್ತಾನೆ. ಸೌತೆಕಾಯಿ ಸೀಳಿ ಉಪ್ಪುಖಾರ ಸವರಿ ಕೊಡುವ ಅಜ್ಜಿ ಗೋಣಿಚೀಲ ಹಾಸಿ ಕೂರುವುದಕ್ಕೆ ನೆರಳು ನೋಡುತ್ತಿರುತ್ತಾಳೆ. ಯಾವುದೋ ಪೆಟ್ಟಿಗೆ ಅಂಗಡಿಯಿಂದ ಮಿರ್ಚಿ ಕರಿಯುವ ಎಣ್ಣೆಯ ವಾಸನೆ, ಅದರ ಹಿಂದೆಯೇ ಮಂಡಕ್ಕಿ ಒಗ್ಗರಣೆಯ ಘಮ. ಸಾಲಾಗಿ ನಿಂತ ಬ್ಯಾಟರಿ ಗಾಡಿಗಳ ಹತ್ತಿರ ಹುಡುಗಿಯೊಬ್ಬಳು ಚಾರ್ಜಿಗೆ ಹಾಕಿದ್ದ ವಾಯರು ಕಿತ್ತು, ಸುತ್ತಿ, ಒಳಗಿಡುತ್ತಾಳೆ. ಇನ್ನೊಬ್ಬಳು ಒದ್ದೆ ಬಟ್ಟೆಯಿಂದ ಸೀಟು ಒರೆಸುತ್ತಾಳೆ. ನಿನ್ನೆಯ ಧೂಳು ಮೊದಲ ಸಲಕ್ಕೆ ಕೆಸರಾಗುತ್ತದೆ, ಎರಡನೆಯ ಸಲಕ್ಕೆ ಹೋಗುತ್ತದೆ. ಆಮೇಲೆ ಅವಳು ವೇಲನ್ನು ಮೂಗಿನವರೆಗೆ ಎಳೆದು, ತಲೆಯ ಹಿಂದೆ ಬಿಗಿದು ಗಂಟು ಹಾಕಿ, ಚಾಲಕರ ಸೀಟಿಗೆ ಏರುತ್ತಾಳೆ. ಕಣ್ಣಷ್ಟೇ ಕಾಣುತ್ತದೆ.

ಇಲ್ಲಿಂದ ದೇವಸ್ಥಾನದ ಬಾಗಿಲಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರು. ನಡೆದೇ ಹೋಗಬಹುದು, ಹೋದರೆ ಲಾಭವೇ. ಆದರೆ ಗಾಡಿಯಲ್ಲೊಂದು ಸಲ ಕೂತು ನೋಡಬೇಕು. ಮುಂದಿನ ಸಾಲಿನಲ್ಲಿ, ಅವಳ ಪಕ್ಕದಲ್ಲಿ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. "ಸರಿದು ಕುಂದ್ರಿ ಅಮ್ಮಾರ... ಕಾಲು ಒಳಗ ಇಟ್ಕೊಳ್ರಿ... ಪಾಪುನ್ನ ಹಿಡ್ಕೊಳ್ರಿ" ಎಂದು ಹಿಂದೆ ತಿರುಗದೆಯೇ ಹೇಳುತ್ತಾಳೆ; ಕನ್ನಡಿಯಲ್ಲಿ ಎಲ್ಲವೂ ಕಂಡಿರುತ್ತದೆ. ಕೀಲಿ ತಿರುಗಿಸಿದರೆ ಎಂಜಿನ್ನಿನ ಸದ್ದಿಲ್ಲ. ಟಯರಿನ ಕೆಳಗೆ ಮರಳು ಕರಕರ ಎಂದಾಗಲೇ ಹೊರಟಿತು ಎಂದು ಗೊತ್ತಾಗುವುದು. ಎಡಬಲದಲ್ಲಿ ವಿಠ್ಠಲ ಬಜಾರಿನ ಮುರಿದ ಕಂಬಸಾಲು ಹಿಂದೆ ಸರಿಯುತ್ತದೆ, ಕುದುರೆ ಗೊಂಬೆ ಮಂಟಪ ಬಂದು ಹೋಗುತ್ತದೆ, ನಡುವೆ ಮಂಟಪವಿರುವ ಪುಷ್ಕರಣಿ ಒಂದು ಕ್ಷಣ ಕಂಡು ಮರೆಯಾಗುತ್ತದೆ. ಎದುರಿನಿಂದ ಇನ್ನೊಂದು ಗಾಡಿ ಬಂದಾಗ ಇಬ್ಬರೂ ಚಾಲಕಿಯರು ಕೈ ಎತ್ತುವುದಿಲ್ಲ, ಗದ್ದವನ್ನಷ್ಟೇ ಮೇಲೆತ್ತುತ್ತಾರೆ. ಊಟ ಆಯಿತಾ, ಜನ ಎಷ್ಟು, ಆ ಕಡೆ ಸಾಲು ಉದ್ದ ಇದೆಯಾ, ಎಲ್ಲ ವಿಚಾರವೂ ಅಷ್ಟರಲ್ಲೇ ಮುಗಿಯುತ್ತದೆ.

ಈ ಗಾಡಿಗಳು ಇಲ್ಲಿಗೆ ಬಂದದ್ದು ಕಲ್ಲಿನ ರಥದ ಕಾರಣಕ್ಕೆ. 2017ರಿಂದ ನಮ್ಮ ಐವತ್ತರ ನೋಟಿನ ಬೆನ್ನ ಮೇಲಿರುವ ಅದೇ ರಥ. ಡೀಸೆಲ್ ಹೊಗೆಯೂ ವಾಹನಗಳ ಅದುರೂ ಅದರ ಹತ್ತಿರ ಸುಳಿಯಬಾರದು ಎಂದು ದೊಡ್ಡ ವಾಹನಗಳನ್ನು ದೂರದಲ್ಲೇ ನಿಲ್ಲಿಸಲಾಯಿತು. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಲ್ಲಿ ಹೊಳೆಗೆ ಕಟ್ಟುತ್ತಿದ್ದ ಸೇತುವೆಗಳ ಗಲಾಟೆಯಿಂದ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು, 2006ರಲ್ಲಿ ಅದರಿಂದ ಹೊರಗೆ ಬಂತು. ಈ ನಡುವೆ 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತ್ತು. ಮುಂದೆ ಬ್ಯಾಟರಿ ಗಾಡಿ ಬಂದಾಗ ಅದರ ಚಕ್ರ ಹಿಡಿಯಲು ಸುತ್ತಲ ಊರುಗಳ ಹೆಣ್ಣುಮಕ್ಕಳನ್ನು ಕರೆದರು. ಹೋಗಿಬರಲು ತಲೆಗೆ ಇಪ್ಪತ್ತು ರೂಪಾಯಿ ಎಂಬ ದರ ಬಹುಕಾಲ ನಡೆಯಿತು. ಸೈಕಲ್ಲಷ್ಟೇ ಹೊಡೆದು ಗೊತ್ತಿದ್ದ ಹುಡುಗಿಯರೂ ದೇಶವಿದೇಶದ ಜನರನ್ನು ಕೂರಿಸಿಕೊಂಡು ಶ್ರೀಕೃಷ್ಣದೇವರಾಯನ ಕಾಲದ ಬಜಾರಿನಲ್ಲಿ ಗಾಡಿ ಓಡಿಸುವಂತಾಯಿತು. ಹಂಪಿಯ ಬಗ್ಗೆ ಸರ್ಕಾರ ಮಾಡಿದ ಎಷ್ಟೋ ತೀರ್ಮಾನಗಳಲ್ಲಿ ನನಗೆ ಮನಸಾರೆ ಒಪ್ಪಿಗೆಯಾದದ್ದು ಇದೊಂದು.

ಹೊಸಪೇಟೆ ಸೀಮೆಯಲ್ಲಿ ಹತ್ತನೆಯದೋ ಪಿಯುಸಿಯೋ ಮುಗಿಸಿ ಡಿಗ್ರಿಗೆ ಹೋಗದ ಮಕ್ಕಳು ಏನು ಮಾಡುತ್ತಾರೆ ಎಂದು ತಿಳಿಯಬೇಕಾದರೆ ಬೆಳಕು ಹರಿಯುವ ಮುಂಚೆ ಹೊಸಪೇಟೆಯ ರಸ್ತೆಯಲ್ಲಿ ನಿಲ್ಲಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಶಿಫ್ಟಿನ ಬಸ್ಸುಗಳು ಹುಡುಗರನ್ನು ತುಂಬಿಕೊಂಡು ಒಂದು ಕಡೆಗೆ ಹೋಗುತ್ತವೆ. ಐಟಿಐ ಮಾಡಿದವರಿಗೆ ಅಲ್ಲಿ ಹೇಗೋ ಒಂದು ದಾರಿ. ಕಮಲಾಪುರ-ಹಂಪಿಯ ಬಸ್ಸು ಇನ್ನೊಂದು ಕಡೆಗೆ. ಅದರಲ್ಲಿ ಹೋಟೆಲಿನ ರೂಮು ಒಪ್ಪ ಮಾಡುವವರು, ಬಾಡಿಗೆ ಮೊಪೆಡ್ ಕೊಡುವವರು, ನಕ್ಷೆ-ಪುಸ್ತಕ ಮಾರುವವರು, ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯದ ಗೇಟಿಗೆ ಇಳಿಯುವವರು. ಈ ಎರಡನೆಯ ಬಸ್ಸಿನ ದುಡಿಮೆಯೆಲ್ಲ ನೋಡಲು ಬರುವವರನ್ನು ನಂಬಿದ್ದು.

ಕಾಲೇಜು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಉತ್ತರ ಗದ್ದಲವಿಲ್ಲದೆ ಬರುತ್ತದೆ. ಅಪ್ಪನ ಕಾಲು, ತಮ್ಮನ ಫೀಸು, ಇಂಗ್ಲಿಷ್ ವಿಷಯದಲ್ಲಿ ಎರಡು ಸಲ ಹೋದದ್ದು. ಹೀಗೆ ಇಂಗ್ಲಿಷಿನಲ್ಲಿ ಫೇಲಾದವರ ಬಾಯಲ್ಲೇ ಹಂಪಿಯ ಇಂಗ್ಲಿಷ್ ಪಟಪಟನೆ ಉದುರುವುದನ್ನು ಕೇಳುವಾಗ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ಇಸ್ರೇಲಿನ ಪ್ರವಾಸಿಗರು ತಿಂಗಳುಗಟ್ಟಲೆ ಉಳಿಯುತ್ತಿದ್ದ ಕಾಲದಲ್ಲಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಹುಡುಗರಿಗೂ ನಾಲ್ಕು ಮಾತು ಹೀಬ್ರೂ ಬರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2020ರ ಮಾರ್ಚಿನಲ್ಲಿ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಅದಕ್ಕೂ ಮುಂಚೆ, 2011ರಲ್ಲಿ, ವಿರೂಪಾಕ್ಷನ ಎದುರಿನ ಬಜಾರು ಖಾಲಿಯಾಗಿತ್ತು. ಕಲ್ಲು ಉಳಿಸುವುದಕ್ಕೆ ಕಾನೂನು ಬೇಕು, ಒಪ್ಪೋಣ. ಆದರೆ ಕೆಡವಿದ ಲೆಕ್ಕದಲ್ಲಿ ಗೋಡೆ ಎಷ್ಟು ಎಂದು ಬರೆದವರು, ಆ ಗೋಡೆಯೊಳಗೆ ತಟ್ಟೆ ತೊಳೆದು ಭಾಷೆ ಕಲಿತ ಕೈಗಳೆಷ್ಟು ಎಂದು ಬರೆದುಕೊಂಡಂತೆ ಕಾಣಲಿಲ್ಲ.

ನದಿಗೆ ಇಳಿಯೋಣ. ವಿಠ್ಠಲ ದೇವಸ್ಥಾನದಿಂದ ಕೆಳಕ್ಕೆ ಬಂಡೆ ಹಿಡಿದು ಬಂದರೆ ಹರಿಗೋಲು ಕವುಚಿ ಒಣಗಲು ಇಟ್ಟಿರುತ್ತಾರೆ. ಬಿದಿರ ದಬ್ಬೆಗಳನ್ನು ಹೆಣೆದ ಬುಟ್ಟಿ, ಹೊರಮೈಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಹಿಂದೆ ಚರ್ಮ ಹೊದಿಸುತ್ತಿದ್ದರು. ಬಿಸಿಲಿಗೆ ಟಾರು ಮೆತ್ತಗಾಗಿ ವಾಸನೆ ಹೊಮ್ಮುತ್ತದೆ. ಹುಟ್ಟು ಹಾಕುವವನಿಗೆ ಮೀಸೆ ಆಗತಾನೆ ಚಿಗುರಿದೆ. ಮೊಣಕಾಲೂರಿ ಅಂಚಿನಲ್ಲಿ ಕೂತು, ಒಂದೇ ಹುಟ್ಟನ್ನು ನೀರಿನಲ್ಲಿ ಎಂಟರ ಆಕಾರದಲ್ಲಿ ಆಡಿಸುತ್ತಾನೆ. ಹರಿಗೋಲು ತಿರುಗದೆ ನೇರವಾಗಿ ಸಾಗಬೇಕಾದರೆ ಹಾಗೆಯೇ ಆಡಿಸಬೇಕು. ತಿರುಗಿಸುವುದು ಸುಲಭ, ತಿರುಗದ ಹಾಗೆ ನಡೆಸುವುದೇ ಕಲೆ. ಆದರೆ ಬಂದವರು ಇಷ್ಟಪಡುವುದು ತಿರುಗಿಸುವುದನ್ನೇ. ನಡುನೀರಿನಲ್ಲಿ ಗಿರ್ರನೆ ಸುತ್ತಿಸಿ, ಕಿರುಚಿಸಿ, ನಗಿಸಿ ದಡಕ್ಕೆ ತರುತ್ತಾನೆ. ಜಲಾಶಯದ ಗೇಟು ತೆರೆದು ಪುರಂದರ ಮಂಟಪದೊಳಕ್ಕೆ ನೀರು ನುಗ್ಗಿತೆಂದರೆ ಅವನ ಕೆಲಸ ನಿಂತಂತೆ. ಆ ದಿನಗಳಲ್ಲಿ ಕೆಳಗೆ ಕಂಪ್ಲಿಯ ಸೇತುವೆಯ ಮೇಲೂ ಹೊಳೆ ಹರಿಯುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಕೊಚ್ಚಿಹೋದಾಗ ಊರಿಗೆ ಊರೇ ನೀರಿನ ಲೆಕ್ಕ ಹಾಕುತ್ತಿತ್ತು.

ಆಚೆ ದಡದ ಆನೆಗೊಂದಿಯಲ್ಲಿ ಸದ್ದು ಬೇರೆ. 1997ರಿಂದ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟಿನ ಅಂಗಳದಲ್ಲಿ ಬಾಳೆಯ ನಾರು ಹೊಸೆದು ಹಗ್ಗವಾಗುತ್ತದೆ, ಹಗ್ಗ ಬುಟ್ಟಿ-ಚೀಲವಾಗುತ್ತದೆ. ಗೊನೆ ಕಡಿದ ಮೇಲೆ ತೋಟದಲ್ಲೇ ಕೊಳೆಯುತ್ತಿದ್ದ ದಿಂಡು ಅದು. ದರೋಜಿಯಲ್ಲಿ ಮತ್ತೊಂದು ಬಗೆ: 1994ರಲ್ಲಿ ಘೋಷಿತವಾದ ಕರಡಿಧಾಮದಲ್ಲಿ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಹಿಂದಿರುಗುತ್ತಾರೆ; ಸಂಜೆ ಕರಡಿಗಳು ಗುಹೆ ಬಿಟ್ಟು ನೆಕ್ಕಲು ಬರುತ್ತವೆ. ಎದುರಿನ ಗುಡ್ಡದ ವೀಕ್ಷಣಾ ಗೋಪುರದಲ್ಲಿ ಬೈನಾಕ್ಯುಲರ್ ಹಿಡಿದವರಿಗೆ ಬೆಲ್ಲದ ವಿಚಾರ ಗೊತ್ತಾದಾಗ ಮುಖ ಸಣ್ಣದಾಗುವುದನ್ನು ನೋಡಬೇಕು.

ಸಂಡೂರಿಗೆ ಹೋದರೆ ಗುಡ್ಡ ಕೆಂಪು, ರಸ್ತೆ ಕೆಂಪು, ಅದಿರಿನ ಲಾರಿಯ ಹಿಂದೆ ಹೋದವರ ಅಂಗಿಯೂ ಕೆಂಪು. ಸುಶೀಲಾನಗರದ ತಾಂಡಾದಲ್ಲಿ ಮಾತ್ರ ಕಣ್ಣಿಗೆ ಬೇರೆ ಬಣ್ಣಗಳು. ಅಜ್ಜಿ ತನ್ನ ಮೈಮೇಲೆ ತೊಡಲು ಹೊಲಿಯುತ್ತಿದ್ದ ಕಸೂತಿಯನ್ನು ಮೊಮ್ಮಗಳು ಮಾರಲು ಹೊಲಿಯುತ್ತಾಳೆ. ಬಟ್ಟೆ ತೊಡೆಯ ಮೇಲೆ, ದಾರ ಹಲ್ಲಿನಲ್ಲಿ, ಕನ್ನಡಿ ಚೂರು ಹೆಬ್ಬೆರಳ ಕೆಳಗೆ ಒತ್ತಿಹಿಡಿದು ನಾಲ್ಕು ಸುತ್ತು ಹಾಕಿದರೆ ಅದು ಅಲ್ಲಿಗೇ ಅಂಟಿಕೂರುತ್ತದೆ. ಸಂಡೂರು ಕುಶಲ ಕಲಾ ಕೇಂದ್ರ ಈ ಕೈಗಳಿಗೆ ಕೆಲಸ, ಬಟ್ಟೆ, ಪೇಟೆ ಮೂರನ್ನೂ ಒದಗಿಸುತ್ತ ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದಾಖಲೆಯ ಫೋಟೊ ತೆಗೆಸಿಕೊಂಡವರು ಬೇರೆ ಬೇರೆ ಊರಿನವರು. ಹೊಲಿಗೆಯ ಲೆಕ್ಕ ಮಾತ್ರ ಇಂದಿಗೂ ತುಂಡಿನ ಮೇಲೆ.

ಇಷ್ಟು ಕೈಕೆಲಸ, ಬಾಯಿಕೆಲಸ ಕಲಿತವರು ಸರ್ಕಾರದ ಅರ್ಜಿಯ ಯಾವ ಖಾನೆಯಲ್ಲಿ ಬರುತ್ತಾರೆ? 2024ರ ಜನವರಿಯಲ್ಲಿ ಶುರುವಾದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಪಿಯುಸಿಗೇ ನಿಂತವರ ಹೆಸರು ಅದರಲ್ಲಿಲ್ಲ. ನಮ್ಮ ಗಾಡಿಯ ಹುಡುಗಿಗೆ ಜನಜಂಗುಳಿ ಸಂಭಾಳಿಸುವುದು, ಬಿಸಿಲಿಗೆ ಸುಸ್ತಾದ ಮುದುಕರನ್ನು ಮೊದಲು ಹತ್ತಿಸುವುದು, ಚಾರ್ಜು ಎಷ್ಟು ಸುತ್ತಿಗೆ ಬರುತ್ತದೆಂದು ಮುಳ್ಳು ನೋಡಿಯೇ ಹೇಳುವುದು ಎಲ್ಲ ಗೊತ್ತು. ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಮೊಹರು ಒತ್ತಿ ಕೊಟ್ಟಿದ್ದರೆ ನಾಳೆ ಅವಳು ಬೇರೆ ಊರಿನ ಮೆಟ್ರೊದಲ್ಲೋ ವಿಮಾನ ನಿಲ್ದಾಣದಲ್ಲೋ ಕೆಲಸ ಕೇಳಬಹುದಿತ್ತು.

ಎಡವಟ್ಟು ಇನ್ನೊಂದಿದೆ, ಅದು ಪಂಚಾಂಗದ್ದು. ಪಿಯುಸಿ ಫಲಿತಾಂಶ ಬರುವುದು ಏಪ್ರಿಲಿನಲ್ಲಿ. ಆಗ ಹಂಪಿಯ ಬಂಡೆ ನಲವತ್ತು ಡಿಗ್ರಿಯಲ್ಲಿ ಕಾದಿರುತ್ತದೆ, ಬರಿಗಾಲಿಡುವ ಹಾಗಿಲ್ಲ. ಬರುವವರು ವಿರಳ, ಇದ್ದ ಹುಡುಗರಿಗೇ ಕೆಲಸ ಸಾಲದು. ಹೊಸಬರನ್ನು ಯಾರೂ ಒಳಗೆ ಕರೆಯುವುದಿಲ್ಲ. ನಿಜವಾದ ಸೀಸನ್ನು ದಸರಾ ರಜೆಯಿಂದ. ನಡುವಿನ ತಿಂಗಳುಗಳನ್ನು ದೂಡಿಸುವುದು ಕಂಪ್ಲಿಯ ಗದ್ದೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ಶುರುವಾಗುತ್ತದೆ. ಸಾಲುಗಟ್ಟಿ ಬಗ್ಗಿದ ಹೆಂಗಸರ ನಡುವೆ ಒಬ್ಬಿಬ್ಬರು ಹುಡುಗಿಯರು ಎಡಗೈಯಲ್ಲಿ ಸಸಿಯ ಕಂತೆ ಹಿಡಿದು, ಬಲಗೈಯಿಂದ ಕೆಸರಿಗೆ ಊರುತ್ತ ಹಿಂದಕ್ಕೆ ಸರಿಯುತ್ತಿರುತ್ತಾರೆ. ಬದುವಿನ ಮೇಲೆ ಊಟದ ಬುತ್ತಿಯ ಪಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮೊಬೈಲು ಆಗಾಗ ಗುಂಯ್ಗುಡುತ್ತದೆ. ಹಂಪಿಯಲ್ಲಿ ಚಾಲಕಿಯೊಬ್ಬಳು ಮದುವೆಯಾಗಿ ಹೋಗುತ್ತಿದ್ದಾಳೆ, ದಸರೆಗೆ ಒಂದು ಜಾಗ ಖಾಲಿ, ಆಧಾರ್ ಕಾರ್ಡು ಮತ್ತು ಎರಡು ಫೋಟೊ ತಗೊಂಡು ಬಾ ಎಂದು ಅಕ್ಕನ ಮಗಳ ಮೆಸೇಜು.